ಹೊತ್ತರಿತ ಕಿಡಿ

ಮಾತಿಗಿರುವಂತೆ ಕಿಡಿಗೂ ಒಂದು ಹೊತ್ತುಂಟು. ಅಮೆರಿಕದ ಹಳೆಯ ಷೆವರ್ಲೆ ಟ್ರಕ್ಕಿನ ಆರು ಸಿಲಿಂಡರುಗಳಿಗೆ 1-5-3-6-2-4ರ ಸರದಿಯಲ್ಲಿ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರು. ಪೆಟ್ರೋಲು ಉರಿಯಲು ಕ್ಷಣಕಾಲ ಬೇಕಾದ್ದರಿಂದ, ಪಿಸ್ಟನ್ನು ನೆತ್ತಿ ಮುಟ್ಟುವ ಮುನ್ನವೇ ಕಿಡಿ ಹಾರಬೇಕು. ಅತಿ ಮುಂಚೆಯಾದರೆ ಎಂಜಿನ್ನು ಬಡಿದುಕೊಳ್ಳುತ್ತದೆ. ತಡವಾದರೆ ಬಲಗುಂದಿ ಬಿಸಿಯೇರುತ್ತದೆ. ಆದ್ದರಿಂದ ಕಳಚುವವನು ಮೊದಲು ರೋಟರಿನ ಮುಖ ಎತ್ತಲಿತ್ತೆಂದು ಗುರುತಿಡಬೇಕು; ಒಂದು ಹಲ್ಲು ತಪ್ಪಿದರೆ ಹೊತ್ತೇ ತಪ್ಪೀತು.

1975ರ ಹೊತ್ತಿಗೆ ಜನರಲ್ ಮೋಟಾರ್ಸ್ ತಂದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರನ್ನು, 6 ವೋಲ್ಟಿನ ಹಳೆಯ ಗಾಡಿಯನ್ನು 12ಕ್ಕೆ ಏರಿಸಿ, ಕೂರಿಸುವವರುಂಟು. ಅದರಲ್ಲಿ ಸವೆಯುವ ಪಾಯಿಂಟುಗಳಿಲ್ಲ, ನಿಜ. ಆದರೆ ನಡುದಾರಿಯಲ್ಲಿ ಕೆಟ್ಟರೆ ಅರದಿಂದ ಉಜ್ಜಿ ಸರಿಪಡಿಸುವಂತೆಯೂ ಇಲ್ಲ. ಹೊಸದನ್ನು ಕೂರಿಸಿರಿ, ಓದುಗರೇ. ಹಳೆಯದನ್ನು ಮಾತ್ರ ಎಸೆಯದೆ ಸೀಟಿನಡಿ ಇಟ್ಟುಕೊಂಡಿರಿ.