ವೈದ್ಯವಿದ್ಯೆಗೆ ಗಣಿತ ಬೇಡವೆ?

ಜನವಾಡದಂತಹ ಊರಿನಲ್ಲಿ ಬಾಲಕಿಯೊಬ್ಬಳು ಹತ್ತನೆಯ ತರಗತಿಯಲ್ಲಿ ಉತ್ತಮ ಅಂಕ ಗಳಿಸಿದಳೆಂದರೆ ಹಿರಿಯರ ಹಾರೈಕೆ ಒಂದೇ: "ಡಾಕ್ಟರ್ ಆಗು, ತಾಯಿ." ಹಾರೈಕೆ ಶ್ಲಾಘನೀಯ. ಅದರ ಬೆನ್ನಿಗೇ ಬರುವ "ಡಾಕ್ಟರಾಗುವವಳಿಗೆ ಲೆಕ್ಕವೇಕೆ?" ಎಂಬ ಮಾತು ಮಾತ್ರ ಶೋಚನೀಯ. ಬೀದರಿನಲ್ಲಿ 1980ರಿಂದ ಇಂಜಿನಿಯರಿಂಗ್ ಕಾಲೇಜಿದೆ. 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಇವೆರಡನ್ನೂ ಬೆಸೆಯುವ ಮೂರನೆಯ ಹಾದಿಯೊಂದುಂಟೆಂಬುದು ಬಹುಮಂದಿಯ ಗಮನಕ್ಕೆ ಬಂದಂತಿಲ್ಲ.

ಆ ಹಾದಿಯನ್ನು ಮೊದಮೊದಲು ತುಳಿದವರಲ್ಲಿ ಅಮೆರಿಕದ ಥೆಲ್ಮಾ ಎಸ್ಟ್ರಿನ್ ಪ್ರಮುಖರು. 1924ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಈಕೆ, ಎರಡನೆಯ ಮಹಾಯುದ್ಧದ ದಿನಗಳಲ್ಲಿ ಮೂರು ತಿಂಗಳ ತರಬೇತಿ ಪಡೆದು ರೇಡಿಯೋ ಕಾರ್ಖಾನೆ ಸೇರಿದರು. 1951ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ವಿದ್ಯುತ್ ಇಂಜಿನಿಯರಿಂಗಿನಲ್ಲಿ ಡಾಕ್ಟರೇಟ್ ಪಡೆದು, ನ್ಯೂಯಾರ್ಕಿನ ನರರೋಗ ಸಂಸ್ಥೆಯ ಇ.ಇ.ಜಿ. ವಿಭಾಗದಲ್ಲಿ ದುಡಿದರು. ಮಿದುಳಿನ ವಿದ್ಯುತ್ ಅಲೆಗಳನ್ನು ಆ ಯಂತ್ರವು ಕಾಗದದ ಮೇಲೆ ಗೆರೆಗಳಾಗಿ ಮೂಡಿಸುತ್ತಿತ್ತು. ಮಾರುಗಟ್ಟಲೆ ಉದ್ದದ ಆ ಕಾಗದವನ್ನು ವೈದ್ಯರು ಕಣ್ಣಿನಿಂದಲೇ ಓದಬೇಕಾಗಿತ್ತು. ಅಲೆಯ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದು, ಅಂಕೆಗಳಾಗಿ ಮಾರ್ಪಡಿಸಿ, ಗಣಕಯಂತ್ರಕ್ಕೆ ಒಪ್ಪಿಸುವ ವಿಧಾನವನ್ನು ರೂಪಿಸಿದವರಲ್ಲಿ ಎಸ್ಟ್ರಿನ್ ಒಬ್ಬರು. ಇದಕ್ಕಾಗಿ ಲಾಸ್ ಏಂಜಲೀಸಿನ ಮಿದುಳು ಸಂಶೋಧನ ಸಂಸ್ಥೆಯಲ್ಲಿ 1961ರಲ್ಲಿ ಪ್ರಯೋಗಾಲಯವೇ ಸಿದ್ಧವಾಯಿತು. 1970ರಿಂದ 1980ರವರೆಗೆ ಅವರೇ ಅದರ ನಿರ್ದೇಶಕಿ. ಶರೀರಕ್ರಿಯಾಶಾಸ್ತ್ರಕ್ಕೆ ಗಣಿತದಿಂದ ಸಂದ ಸೇವೆಯಲ್ಲವೆ ಇದು?

ಪತಿ ಅದೇ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗದಲ್ಲಿದ್ದರು. ದಂಪತಿಗಳಿಗೆ ಒಂದೇ ವಿಭಾಗದಲ್ಲಿ ಸ್ಥಾನವಿಲ್ಲವೆಂಬ ನಿಯಮದಿಂದಾಗಿ ಆ ಬಾಗಿಲು ಎಸ್ಟ್ರಿನ್ ಅವರಿಗೆ ಮುಚ್ಚಿತ್ತು. ಮುಚ್ಚಿದ ಬಾಗಿಲೇ ವರವಾಯಿತೆಂದು ಹೇಳುವುದು ಸುಲಭ, ನ್ಯಾಯವಲ್ಲ. ಅಲ್ಲಿ ಅವರಿಗೆ ಪ್ರಾಧ್ಯಾಪಕ ಪದವಿ ದೊರೆತದ್ದು 1980ರಲ್ಲಿ, ಡಾಕ್ಟರೇಟ್ ಪಡೆದ 29 ವರ್ಷಗಳ ಮೇಲೆ.

ಇದೆಲ್ಲ ಪರದೇಶದ ಮಾತೆನ್ನುವವರು ನಂಜನಗೂಡಿನತ್ತ ನೋಡಬಹುದು. 1922ರಲ್ಲಿ ಅಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೇ ಓದಿದವರು. ಎಸ್ಟ್ರಿನ್ ಡಾಕ್ಟರೇಟ್ ಪಡೆದ ಎರಡೇ ವರ್ಷಗಳ ತರುವಾಯ, 1953ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಿಂದ ತಾವೂ ಆ ಪದವಿ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಸೂಕ್ಷ್ಮತರಂಗ ವಿದ್ಯೆಯಲ್ಲಿ 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ನೀಡಿದರು. ಅವರದು ವೈದ್ಯಕೀಯ ಕ್ಷೇತ್ರವಲ್ಲ, ನಿಜ. ಆದರೆ ಗಣಿತ ಹೆಣ್ಣುಮಕ್ಕಳಿಗೆ ಒಗ್ಗದೆಂಬ ಮಾತಿಗೆ ಕನ್ನಡನಾಡಿನಲ್ಲಿಯೇ ಉತ್ತರವಿದೆ.

ಎಸ್ಟ್ರಿನ್ ಹುಟ್ಟಿದ 1924ರಲ್ಲಿಯೇ ಜರ್ಮನಿಯ ಹಾನ್ಸ್ ಬೆರ್ಗರ್ ಮಾನವ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದರು. ಅವರು ಬಳಸಿದ್ದು ಗ್ಯಾಲ್ವನೊಮೀಟರ್. ಅದೇ ಕುಲದ ಉಪಕರಣವು ಪ್ರೌಢಶಾಲೆಗಳ ಗಾಜಿನ ಬೀರುವಿನಲ್ಲಿಯೂ ಇರುತ್ತದೆ, ಪರೀಕ್ಷೆಯ ದಿನದವರೆಗೆ ಬೀಗದೊಳಗೆ. ಕೊಠಡಿ ಕಟ್ಟಿಸಿ ಹೆಸರು ಕೆತ್ತಿಸುವ ದಾನಿಗಳು ಮುಂದಿನ ಸಲ ನಾಲ್ಕಾರು ಇಂತಹ ಉಪಕರಣಗಳನ್ನೂ ಕೊಡಿಸಲಿ. ಶಿಕ್ಷಕರು ಬೀರುವಿನ ಬೀಗ ತೆಗೆದು ಅವುಗಳನ್ನು ಹೆಣ್ಣುಮಕ್ಕಳ ಕೈಗೂ ಕೊಡಲಿ. ಲೆಕ್ಕವನ್ನು ಬಿಡಬೇಡವೆಂದು ಪಾಲಕರೆದುರಿಗೇ ಹೇಳಲಿ.