ಯಂತ್ರನಾದದಲ್ಲಿ ಮಾತಿನ ಪಾಡು

ಹೊಸ ವಾದ್ಯವೊಂದು ನಾಡಿನೊಳಕ್ಕೆ ಕಾಲಿಟ್ಟಾಗಲೆಲ್ಲ ಅದರ ಬೆನ್ನ ಹಿಂದೆಯೇ ಒಂದು ನಿಟ್ಟುಸಿರೂ ಬರುವುದು ರೂಢಿ. ಹಾರ್ಮೋನಿಯಂ ನಮ್ಮ ಶ್ರುತಿಸೂಕ್ಷ್ಮವನ್ನು ಕೆಡಿಸುವುದೆಂದು 1940ರಲ್ಲಿ ಅದನ್ನು ಬಾನುಲಿಯಿಂದ ಹೊರಗಟ್ಟಲಾಯಿತು. ಮೂರು ದಶಕಗಳ ತರುವಾಯ, 1971ರಲ್ಲಿ, ಬಾಗಿಲು ಅರ್ಧ ತೆರೆಯಿತು. ಅಷ್ಟರಲ್ಲಿ ನಾಟಕದ ಕಂಪನಿಗಳೂ ಭಜನೆಯ ಮಂದಿರಗಳೂ ಯಾರ ಅಪ್ಪಣೆಗೂ ಕಾಯದೆ ಆ ಪೆಟ್ಟಿಗೆಯನ್ನು ಮನೆಯ ಮಗನಂತೆ ಸಾಕಿಕೊಂಡಿದ್ದುವು. ಪಿಟೀಲಿನ ಕಥೆಯನ್ನಂತೂ ಹೇಳಬೇಕಾದುದೇ ಇಲ್ಲ. ಪರದೇಶದಿಂದ ಬಂದ ಆ ವಾದ್ಯಕ್ಕೆ ನಮ್ಮ ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ತಂತಿ ಹೂಡಿದರು. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕೊನೆಯ ಸಾಲಿನವನಿಗೂ ನಾದ ಮುಟ್ಟಬೇಕೆಂಬುದು ಅವರ ಹಂಬಲ.

ಈಗ ನಿಟ್ಟುಸಿರಿನ ಸರದಿ ವಿದ್ಯುನ್ಮಾನ ನಾದದ್ದು. (ಈ ‘ವಿದ್ಯುನ್ಮಾನ’ವೆಂಬ ಮಾತೂ ಒಂದು ವಿಚಿತ್ರ ಸೃಷ್ಟಿಯೆ. ಸಂಧಿ ಬಿಡಿಸಿದರೆ ಮನೆಯ ಗೋಡೆಯ ಮೇಲೆ ತಿರುಗುವ ಮೀಟರೇ ಕಣ್ಣಿಗೆ ಬರುತ್ತದೆ. ಆದರೂ ಬಳಕೆಗೆ ಬಂದ ಪದವನ್ನು ಕೆಣಕುವುದು ವ್ಯರ್ಥ.) ಗಿಟಾರು ಹಿಡಿದ ನಾಲ್ವರು ತರುಣರು, ಜೊತೆಗೊಂದು ಗಣಕಯಂತ್ರ, ಅದರೊಳಗೆ ಮದ್ದಲೆಯೂ ಉಂಟು, ಮಳೆಯೂ ಉಂಟು, ಯಾವ ಮರದಿಂದಲೂ ಚರ್ಮದಿಂದಲೂ ಹುಟ್ಟದ ನಾದವೂ ಉಂಟು, ಇವುಗಳ ನಡುವೆ ಒಂದು ಕನ್ನಡ ಪದ. ಇಂಥ ಆಲ್ಬಂಗಳನ್ನು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ, ಕೆಲವರು ತಾವೇ ಕಟ್ಟುತ್ತಾರೆ. ಅಧ್ಯಾಪಕರ ಕೊಠಡಿಯಲ್ಲಿ ಇದರ ಮಾತೆತ್ತಿದರೆ ‘ಇದು ಸಂಗೀತವೆ?’ ಎಂಬ ಪ್ರಶ್ನೆ ತಪ್ಪದೆ ಏಳುತ್ತದೆ. ಆ ಪ್ರಶ್ನೆಯನ್ನು ನಾನು ಸಂಗೀತಗಾರರಿಗೇ ಬಿಟ್ಟುಕೊಡುತ್ತೇನೆ. ಸಾಹಿತ್ಯದ ಪುಟದಲ್ಲಿ ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಆ ನಾದದ ನಡುವೆ ಮಾತಿನ ಗತಿ ಏನಾಯಿತು?

ಪಶ್ಚಿಮದಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದದ್ದು 2000ದ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ರೇಡಿಯೋಹೆಡ್ ತಂಡ ‘ಕಿಡ್ ಎ’ ಎಂಬ ಆಲ್ಬಂ ಹೊರತಂದಾಗ. 1997ರ ‘ಓಕೆ ಕಂಪ್ಯೂಟರ್’ನಿಂದ ಗಿಟಾರಿನ ತಂಡವೆಂದು ಜಗತ್ತಿಗೆಲ್ಲ ಹೆಸರಾಗಿದ್ದವರು ಗಿಟಾರನ್ನು ಬಹುಪಾಲು ಬದಿಗಿಟ್ಟು ಸಿಂಥಸೈಸರುಗಳ ಕಡೆಗೆ ತಿರುಗಿದರು. 1928ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಓಂಡ್ ಮಾರ್ತನೋ ಎಂಬ ವಿದ್ಯುದ್ವಾದ್ಯವನ್ನು ಮತ್ತೆ ಬಳಕೆಗೆ ತಂದರು. ಗಾಯಕ ಥಾಮ್ ಯಾರ್ಕ್ ತಮ್ಮ ಕಂಠವನ್ನೇ ಯಂತ್ರಕ್ಕೆ ಒಪ್ಪಿಸಿ, ಅದು ಮಾತೋ ವಾದ್ಯವೋ ಗುರುತು ಹತ್ತದಂತೆ ಮಾಡಿದರು. ಸಾಹಿತ್ಯದ ವಿದ್ಯಾರ್ಥಿ ಗಮನಿಸಬೇಕಾದುದು ಇನ್ನೊಂದು ಸಂಗತಿ. ಮುರಿದ ಸಾಲುಗಳನ್ನು ಚೀಟಿಗಳಲ್ಲಿ ಬರೆದು, ಟೋಪಿಯೊಳಗೆ ಹಾಕಿ ಕಲಕಿ, ಕೈಗೆ ಸಿಕ್ಕಂತೆ ಎತ್ತಿ ಅವರು ಕೆಲವು ಹಾಡುಗಳನ್ನು ಕಟ್ಟಿದರು. ಇದು 1920ರಲ್ಲಿ ದಾದಾ ಪಂಥದ ತ್ರಿಸ್ತಾನ್ ಜಾರಾ ಬೋಧಿಸಿದ ಉಪಾಯವೇ. ಅರ್ಥದ ಸರಪಳಿಯನ್ನು ಬೇಕೆಂದೇ ಕಡಿದರು. ಆದರೂ ಆ ಆಲ್ಬಂ ಇಂಗ್ಲೆಂಡಿನಲ್ಲೂ ಅಮೆರಿಕೆಯಲ್ಲೂ ಮಾರಾಟದ ಪಟ್ಟಿಯ ತಲೆಗೇರಿತು. ಮಾತನ್ನು ಅವರು ಅಜಾಗ್ರತೆಯಿಂದ ಕಳೆದುಕೊಳ್ಳಲಿಲ್ಲ, ತಿಳಿದೂ ತಿಳಿದೂ ತ್ಯಾಗ ಮಾಡಿದರು. ಎರಡಕ್ಕೂ ಇರುವ ಅಂತರ ಬಹು ದೊಡ್ಡದು.

ನಮ್ಮಲ್ಲಿ ಇದೆಲ್ಲ ನಿನ್ನೆ ಮೊನ್ನೆ ಆಮದಾದ ಸರಕೆಂದು ಯಾರೂ ತಿಳಿಯಬಾರದು. 1969ರಷ್ಟು ಹಿಂದೆಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಸರೊಂದು ಬಂದು ನಿಂತಿತ್ತು. ಗೀತಾ ಸಾರಾಭಾಯಿ ಮೊದಲಾದವರು ಅದರ ಮೇಲೆ ಮಾಡಿದ ಪ್ರಯೋಗಗಳು ಅರ್ಧ ಶತಮಾನ ಪೆಟ್ಟಿಗೆಯಲ್ಲಿ ಮಲಗಿದ್ದು, 2023ರಲ್ಲಿ ಆಲ್ಬಮ್ಮಾಗಿ ಹೊರಬಂದುವು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಯಂತ್ರದ ತಾಳಕ್ಕೆ ಕೂರಿಸಿದಾಗ ಕೊಳ್ಳುವವರೇ ಇರಲಿಲ್ಲ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರು ವಿದ್ಯುನ್ಮಾನ ತಂಬೂರಿಯನ್ನು ರಚಿಸಿ ಮದರಾಸಿನ ಸಂಗೀತ ಅಕಾಡೆಮಿಯ ಮುಂದಿಟ್ಟರು. ಇಂದು ಯಂತ್ರನಾದವನ್ನು ಹಳಿಯುವ ಎಷ್ಟೋ ಮಂದಿ ವಿದ್ವಾಂಸರ ಎಡಗೈಯ ಬಳಿ ಆ ಪುಟ್ಟ ಪೆಟ್ಟಿಗೆಯೇ ಮಿಡಿಯುತ್ತಿರುತ್ತದೆ!

ಕನ್ನಡದ ಮಾತಿಗಾದರೂ ವಿದ್ಯುತ್ತಿನ ನಂಟು ಹಳೆಯದೇ. ನಾನಿರುವ ಹೆಬ್ಬಾಳಕ್ಕೆ ದೂರವೇನೂ ಅಲ್ಲದ ಒಂಟಿಕೊಪ್ಪಲಿನಲ್ಲಿ, 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವಾಟಿನ ಪ್ರೇಷಕದಲ್ಲಿ ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ಯೆಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದ. ಅಂದಿನಿಂದ ನಮ್ಮ ಕಾವ್ಯ ತಂತಿಯ ಮೇಲೂ ಗಾಳಿಯ ಮೇಲೂ ನಡೆಯುತ್ತ ಬಂದಿದೆ. ಪಿ. ಕಾಳಿಂಗರಾಯರ ಕಂಠ, 1978ರ ‘ನಿತ್ಯೋತ್ಸವ’ದ ಧ್ವನಿಸುರುಳಿ, 1987ರಲ್ಲಿ ‘ಪ್ರೇಮಲೋಕ’ದ ಮೂಲಕ ಹಳ್ಳಿಯ ಹೋಟೆಲುಗಳಿಗೂ ನುಗ್ಗಿದ ಹಂಸಲೇಖರ ಕೀಬೋರ್ಡು, ಎಲ್ಲವೂ ಒಂದೇ ದಾರಿಯ ಮೈಲಿಗಲ್ಲುಗಳು. ಇಂದಿನ ಹೆಬ್ಬಾಳವಂತೂ ಕೈಗಾರಿಕಾ ಪ್ರದೇಶ. ಒಂದು ಮಗ್ಗುಲಲ್ಲಿ ಯಂತ್ರಗಳ ಶೆಡ್ಡುಗಳು, ಇನ್ನೊಂದು ಮಗ್ಗುಲಲ್ಲಿ ಇನ್ಫೋಸಿಸ್ಸಿನ ವಿಶಾಲ ಆವರಣ. ರಾತ್ರಿ ಪಾಳಿಯ ಝೇಂಕಾರ ಕೇಳುತ್ತ ಬೆಳೆದ ಹುಡುಗನೊಬ್ಬ ತನ್ನ ಹಾಡಿಗೆ ಅದೇ ಝೇಂಕಾರವನ್ನು ಶ್ರುತಿಯಾಗಿ ಹಿಡಿದರೆ ಅದು ಪರಕೀಯವೆನ್ನಬಹುದೆ? ನನಗಂತೂ ಹಾಗೆ ಅನ್ನಿಸುವುದಿಲ್ಲ.

ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತರು 2008ರಲ್ಲಿ ತಮ್ಮ ತಂಡದ ಮೊದಲ ಆಲ್ಬಮ್ಮನ್ನು ಹೊರತಂದಾಗ ಶಿಶುನಾಳ ಷರೀಫರ ಎರಡು ಪದಗಳನ್ನು, ಗುಡುಗುಡಿಯದನ್ನೂ ಸೋರುವ ಮಾಳಿಗೆಯದನ್ನೂ, ಹಿಂದಿ ಇಂಗ್ಲಿಷ್ ಹಾಡುಗಳ ಪಕ್ಕದಲ್ಲಿ ಕೂರಿಸಿದರು. ಮರುವರ್ಷ ಅವರ ತಮ್ಮ ವಾಸು ದೀಕ್ಷಿತರು ಹಾಡುವ ಸ್ವರಾತ್ಮ ತಂಡದ ಮೊದಲ ಆಲ್ಬಮ್ಮೂ ಬಂದಿತು. ಇವು ಗಿಟಾರು ತಾಳವಾದ್ಯಗಳ ಬಲದ ಮೇಲೆ ನಿಂತ ಕೃತಿಗಳು, ಯಂತ್ರನಾದದ ಪ್ರಯೋಗಗಳಲ್ಲ. ಆದರೆ ಇಂದಿನ ಹುಡುಗರಿಗೆ ಬಾಗಿಲು ತೆರೆದವು ಇವೇ. 1819ರಲ್ಲಿ ಹುಟ್ಟಿ 1889ರಲ್ಲಿ ಕಣ್ಮುಚ್ಚಿದ ಸಂತನೊಬ್ಬನ ಮಾತು ಸಿ. ಅಶ್ವತ್ಥರ ಕಂಠದಿಂದ ಒಂದು ತಲೆಮಾರಿಗೆ ಮುಟ್ಟಿತು, 1990ರ ನಾಗಾಭರಣರ ಚಿತ್ರದಿಂದ ಮತ್ತಷ್ಟು ಮಂದಿಗೆ. ಮುಂದಿನ ತಲೆಮಾರಿಗೆ ಅದು ಮುಟ್ಟಿದ್ದು ರಾಕ್ ತಂಡದಿಂದ. ನನ್ನ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಷರೀಫರನ್ನು ಮೊದಲು ಪುಸ್ತಕದಲ್ಲಿ ಕಂಡವರು ವಿರಳ. ಅವರ ಕಿವಿಯಲ್ಲಿ ಕುಳಿತ ಪಾಠವೇ ಅವರಿಗೆ ಮೂಲಪಾಠ. ಗ್ರಂಥಸಂಪಾದನೆಯ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ. ಬಾಯಿಂದ ಬಾಯಿಗೆ ಬಂದ ತತ್ತ್ವಪದಕ್ಕೆ ಹಲವು ಪಾಠಾಂತರಗಳು ಇರುವುದು ಸಹಜ. ಆಲ್ಬಂ ಒಂದನ್ನು ಹಿಡಿದು ಮಿಕ್ಕವನ್ನು ಸದ್ದಿಲ್ಲದೆ ಅಳಿಸುತ್ತದೆ.

ಇನ್ನು ಛಂದಸ್ಸಿನ ಮಾತು. ತಾಳಯಂತ್ರವನ್ನು ತೆರೆದೊಡನೆ ಸಿಕ್ಕುವುದು ನಾಲ್ಕರ ನಡಿಗೆ. ಶರ, ಪರಿವರ್ಧಿನಿಗಳಿಗೆ ಅದು ಒಪ್ಪೀತು; ಅವು ನಾಲ್ಕು ಮಾತ್ರೆಯ ಗಣದವು. ಆದರೆ ಭಾಮಿನಿಯ ನಡೆ ಮೂರು ನಾಲ್ಕು, ಮೂರು ನಾಲ್ಕು. ಗಮಕಿಗಳು ಅದನ್ನು ತಾಳದ ಕಟ್ಟಿಲ್ಲದೆ, ಮಾತಿನ ಉಸಿರನ್ನೇ ಹಿಡಿದು ಓದುತ್ತಾರೆ. ಏಳು ಮಾತ್ರೆಯ ಮಾತನ್ನು ಎಂಟರ ಚೌಕಟ್ಟಿಗೆ ತುರುಕಿದರೆ ಉಳಿದ ಒಂದು ಮಾತ್ರೆಯನ್ನು ಯಾರಾದರೂ ತೆರಬೇಕು. ತೆರುವುದು ಬಹುಪಾಲು ಬಡಪಾಯಿ ಲಘುವೆ. ಅದನ್ನು ಎಳೆದು ಗುರು ಮಾಡುತ್ತಾರೆ. ಕನ್ನಡದಲ್ಲಿ ಹೀಗೆ ಎಳೆದರೆ ಅರ್ಥವೇ ಮಗುಚುತ್ತದೆ: ಬೆಳೆ ಬೇಳೆಯಾಗುತ್ತದೆ, ಬಲೆ ಬಾಲೆಯಾಗುತ್ತಾಳೆ, ಮರ ಮಾರನಾಗಿ ಬಿಲ್ಲೆತ್ತುತ್ತಾನೆ. ದೀರ್ಘ ಅನುರಣನವನ್ನು ಕಂಠಕ್ಕೆ ಲೇಪಿಸಿದರೂ ಫಲ ಅದೇ, ಹ್ರಸ್ವದೀರ್ಘಗಳ ಗಡಿ ಕರಗುತ್ತದೆ. ಕಂಠವನ್ನು ಸೋಸಿ ಮೇಲಿನ ನಾದಾಂಶಗಳನ್ನು ಕತ್ತರಿಸಿದರೆ ಸಕಾರ ಶಕಾರಗಳು ಒಂದಾಗುತ್ತವೆ. ಲಕಾರ ಳಕಾರಗಳೂ ಬೆರೆತರೆ ಹಳ್ಳಿ ಯಾವುದು, ಹಲ್ಲಿ ಯಾವುದು ಎಂದು ಕೇಳುಗ ಊಹಿಸಬೇಕಾಗುತ್ತದೆ.

ಶ್ರುತಿ ತಿದ್ದುವ ಆಟೋಟ್ಯೂನ್ ಎಂಬುದು 1997ರಲ್ಲಿ ಹುಟ್ಟಿತು. ಅದನ್ನು ರೂಪಿಸಿದ ಆಂಡಿ ಹಿಲ್ಡಬ್ರಾಂಡ್ ಅದಕ್ಕೆ ಮೊದಲು ಭೂಮಿಯ ಕೆಳಗಿನ ಎಣ್ಣೆಯನ್ನು ಶಬ್ದತರಂಗಗಳಿಂದ ಹುಡುಕುವ ಗಣಿತದಲ್ಲಿ ನುರಿತವರು. ಜಾರಿದ ಸ್ವರವನ್ನು ಹತ್ತಿರದ ಮೆಟ್ಟಿಲಿಗೆ ಏರಿಸುವುದು ಆ ಉಪಕರಣದ ಕೆಲಸ. ನಮ್ಮ ಗಾಯಕನ ಪ್ರಾಣವಿರುವುದು ಮೆಟ್ಟಿಲ ಮೇಲಲ್ಲ, ಎರಡು ಮೆಟ್ಟಿಲುಗಳ ನಡುವಿನ ತೊನೆತದಲ್ಲಿ. ಕೈ ಬಿಗಿಹಿಡಿಯದೆ ಬಿಟ್ಟರೆ ಗಮಕವನ್ನೂ ಅದು ದೋಷವೆಂದೇ ಎಣಿಸಿ ತಿದ್ದುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ವಿರೋಧಿಗಳ ಪಂಕ್ತಿಯಲ್ಲಿ ಕುಳಿತೆನೆಂದು ಸಹೃದಯರು ಭಾವಿಸಬಾರದು. ತಪ್ಪು ಯಂತ್ರದ್ದಲ್ಲ. ನಾಲ್ಕನ್ನು ಎಣಿಸುವಷ್ಟೇ ಸಲೀಸಾಗಿ ಅದು ಏಳನ್ನೂ ಎಣಿಸಬಲ್ಲುದು, ಐದನ್ನೂ ಎಣಿಸಬಲ್ಲುದು. ಯಾವ ಮೃದಂಗದವನಿಗಿಂತಲೂ ಹೆಚ್ಚು ತಾಳ್ಮೆಯಿಂದ ವಾರ್ಧಕದ ಐದೈದು ಮಾತ್ರೆಯನ್ನು ರಾತ್ರಿಯಿಡೀ ಹಿಡಿದು ನಿಲ್ಲಬಲ್ಲುದು. ಕೇಳುವವರು ಬೇಕು. ನಾಲ್ಕರಲ್ಲೇ ಬಿಟ್ಟವನು ಸೋಮಾರಿ, ಅಷ್ಟೆ. ಅಂಥ ಸೋಮಾರಿತನ ಹಾರ್ಮೋನಿಯಂ ಮುಂದೆ ಕುಳಿತ ಭಾವಗೀತೆಯವರಲ್ಲಿ ಕಡಮೆಯಿತ್ತೆ? ಕವಿತೆಯ ಭಾವ ಯಾವುದೇ ಇರಲಿ, ಒಂದೇ ಮಟ್ಟಿನ ಜೋಗುಳಕ್ಕೆ ಹೊಂದಿಸಿಬಿಟ್ಟ ಧ್ವನಿಸುರುಳಿಗಳನ್ನು ನಾವು ತಲೆದೂಗಿಯೇ ಕೇಳಲಿಲ್ಲವೆ?

ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಯಂತ್ರನಾದವೇ ಹೆಚ್ಚು ಒಪ್ಪುವ ಮಾತುಗಳೂ ನಮ್ಮಲ್ಲಿ ಉಂಟು. ಅಲ್ಲಮನ ಬೆಡಗಿನ ವಚನಗಳನ್ನು ನೆನೆಯಿರಿ. ಅಲ್ಲಿ ಮೊದಲು ತಾಗುವುದು ಅರ್ಥವಲ್ಲ. ಒಂದು ವಿಲಕ್ಷಣ ಚಿತ್ರ, ಒಂದು ಬೆರಗು. ಇಂಥ ಮಾತಿಗೆ ನಯವಾದ ಸಿತಾರಿನ ಹಿನ್ನೆಲೆ ಕೊಟ್ಟು, ದೇವರ ಮನೆಯ ಊದುಬತ್ತಿಯ ಹೊಗೆ ಸುತ್ತಿ, ನಾವು ಅದರ ಹಲ್ಲು ಕಿತ್ತಿದ್ದೇವೆ. ಎಲ್ಲಿಂದ ಬಂತೆಂದು ತಿಳಿಯದ ನಾದವೇ ಆ ಬೆರಗಿಗೆ ಸರಿಯಾದ ಜೊತೆ. ‘ಧ್ವನಿ’ಯೆಂಬ ಒಂದೇ ಪದ ಕಿವಿಗೆ ಕೇಳುವ ಸದ್ದಿಗೂ, ಆನಂದವರ್ಧನ ಹೇಳಿದ ಸೂಚ್ಯಾರ್ಥಕ್ಕೂ ಸಲ್ಲುತ್ತದೆ, ನಮ್ಮ ಶ್ರೀವಿಜಯನೂ ಕವಿರಾಜಮಾರ್ಗದಲ್ಲಿ ಅದನ್ನು ಅಲಂಕಾರಗಳ ಸಾಲಿನಲ್ಲಿ ಸೇರಿಸಿದ್ದಾನೆ. ಎರಡು ಧ್ವನಿಗಳೂ ಒಂದೆಡೆ ಕೂಡುವ ಅವಕಾಶ ಈ ಹುಡುಗರ ಕೈಯಲ್ಲಿದೆ. ಆದರೆ ಟೋಪಿಯಿಂದ ಚೀಟಿಯೆತ್ತುವ ಉಪಾಯ ಇಲ್ಲಿ ನಡೆಯದು. ಬೆಡಗು ಅರ್ಥವನ್ನು ಮುಚ್ಚಿಡುತ್ತದೆಯೇ ಹೊರತು ಬಿಸಾಡುವುದಿಲ್ಲ. ಬಿಡಿಸುವ ಕೀಲಿ ಅಕ್ಷರದಲ್ಲೇ ಇರುವುದರಿಂದ ಪ್ರತಿಯೊಂದು ಅಕ್ಷರವೂ ಕೇಳಿಸಲೇಬೇಕು.

ಹೀಗಿರುವಾಗ ನಮ್ಮ ಸಾಹಿತ್ಯವಿಮರ್ಶೆ ಮಾಡುತ್ತಿರುವುದೇನು? ಕವನಸಂಕಲನವೊಂದು ಮುನ್ನೂರು ಪ್ರತಿ ಅಚ್ಚಾದರೆ ಅದಕ್ಕೆ ಎರಡು ಕಾಲಂ ವಿಮರ್ಶೆ ದೊರಕುತ್ತದೆ. ಊರೂರಿನ ತರುಣರ ಕಿವಿಗೆ ತತ್ತ್ವಪದವನ್ನು ಮುಟ್ಟಿಸುವ ಆಲ್ಬಮ್ಮಿಗೆ ದೊರಕುವುದು ಗಾಯಕನ ಬಟ್ಟೆ, ಕಾಲ್ಗೆಜ್ಜೆಗಳ ವರ್ಣನೆ. ಅದೂ ಸಿನಿಮಾ ಪುಟದಲ್ಲಿ. ಹೊಗಳಿಕೆಯೂ ಪೊಳ್ಳು, ತೆಗಳಿಕೆಯೂ ಪೊಳ್ಳು. ಲಘು ಎಲ್ಲಿ ಗುರುವಾಯಿತು, ಉತ್ತರ ಕರ್ನಾಟಕದ ಆಡುಮಾತಿನ ‘ಮಾಳಿಗಿ’ಯನ್ನು ಮೈಸೂರಿನ ನಾಲಿಗೆ ಹೇಗೆ ಉಳಿಸಿಕೊಂಡಿತು, ಯಾವ ನುಡಿಯನ್ನು ಕೈಬಿಟ್ಟರು, ಕೈಬಿಟ್ಟದ್ದರಿಂದ ಪದದ ತತ್ತ್ವಕ್ಕೆ ಏನಾಯಿತು ಎಂದು ಕೇಳಬಲ್ಲವರು ಕನ್ನಡದ ಅಧ್ಯಾಪಕರು. ನಾವು ಕೇಳುತ್ತಿಲ್ಲ. ನಮ್ಮ ಮೌನವನ್ನು ಆ ತರುಣರು ತಿರಸ್ಕಾರವೆಂದು ತಿಳಿದರೆ ಅದು ಅವರ ತಪ್ಪೂ ಅಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಆಲ್ಬಂ ತರುವವರು ಹಾಡಿನ ಪೂರ್ಣ ಪಾಠವನ್ನು ಅದರೊಡನೆ ಪ್ರಕಟಿಸಲಿ; ಯಾವ ಸಂಪಾದನೆಯಿಂದ ತೆಗೆದುಕೊಂಡದ್ದು, ಎಷ್ಟು ನುಡಿ ಬಿಟ್ಟದ್ದು ಎಂಬುದನ್ನು ಗಿಟಾರು ನುಡಿಸಿದವನ ಹೆಸರಿನ ಪಕ್ಕದಲ್ಲೇ ನಮೂದಿಸಲಿ. ಕಾಲೇಜುಗಳ ಕನ್ನಡ ಸಂಘಗಳು ವರ್ಷಕ್ಕೊಂದು ದಿನ ಪುಸ್ತಕ ಮುಚ್ಚಿ, ಇಂಥ ಒಂದು ಆಲ್ಬಮ್ಮನ್ನು ಪೂರ್ತಿ ಕೇಳಿ, ಛಂದಸ್ಸು ಹಿಡಿದು ಚರ್ಚಿಸಲಿ. ಈ ಪುರವಣಿಯೂ ಅವಕ್ಕೆ ಪುಸ್ತಕಗಳ ಸಾಲಿನಲ್ಲೇ ಜಾಗ ಕೊಡಲಿ. ಮೊದಲ ವಿಮರ್ಶೆಯನ್ನು ಭಾಮಿನಿಯನ್ನು ಬಲ್ಲ ಒಬ್ಬರೂ ತಾಳಯಂತ್ರವನ್ನು ಬಲ್ಲ ಒಬ್ಬರೂ ಜೊತೆಗೂಡಿ ಬರೆದರೆ ಇನ್ನೂ ಲೇಸು. ಅಂಥ ಇಬ್ಬರು ಒಂದೇ ಕಾಲೇಜಿನ ಒಂದೇ ಬೆಂಚಿನ ಮೇಲೆ ಸಿಕ್ಕುವುದು ಈಗ ಅಪರೂಪವೇನೂ ಅಲ್ಲ.