ದಾರಿ ತೋರಿದವರ ಹೆಸರೆಲ್ಲಿ?

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ನಾರ್ವೆ ದೇಶವನ್ನು ಆಕ್ರಮಿಸಿದ ಬಳಿಕ, ಆ ನಾಡಿನ ನಾವಿಕರು ಬ್ರಿಟನ್ನಿನ ಶೆಟ್ಲೆಂಡ್ ದ್ವೀಪಗಳಿಂದ ಮೀನುದೋಣಿಗಳಲ್ಲಿ ಆಯುಧಗಳನ್ನೂ ಗುಪ್ತಚರರನ್ನೂ ತಾಯ್ನಾಡಿಗೆ ಸಾಗಿಸಿದರು. ಮರಳುವಾಗ ನಿರಾಶ್ರಿತರನ್ನು ಕರೆತಂದರು. ಚಳಿಗಾಲದ ಕತ್ತಲೆಯೇ ಅವರಿಗೆ ವಜ್ರಕವಚ. ಮಡಿದ ೪೪ ಮಂದಿಯ ಹೆಸರುಗಳು ಸ್ಕಾಲೊವೇ ಊರಿನ ಸ್ಮಾರಕದಲ್ಲಿವೆ.

ನಮ್ಮ ಭಾಲ್ಕಿ, ಔರಾದ ಸೀಮೆಗೆ ಕಡಲಿಲ್ಲ. ಮಾಂಜರಾ ನದಿಯೂ ಅಂದು ಉಗಮದಿಂದ ಗೋದಾವರಿಯ ಸಂಗಮದವರೆಗೆ ನಿಜಾಮರ ಸಂಸ್ಥಾನದೊಳಗೇ ಹರಿಯುತ್ತಿತ್ತು. ಆದುದರಿಂದ ೧೯೪೭-೪೮ರಲ್ಲಿ ದೋಣಿಯ ಕೆಲಸವನ್ನು ಇಲ್ಲಿ ಕಾಲುಗಳೇ ಮಾಡಬೇಕಾಯಿತು. ಸೊಲ್ಲಾಪುರದ ಸೀಮೆಯಿಂದ ಗಜೇಂದ್ರಗಡ, ಮುಂಡರಗಿಗಳವರೆಗೆ ಗಡಿಶಿಬಿರಗಳು ಎದ್ದವು. ಶಿಬಿರವೆಂದರೆ ಬಂದೂಕು ಹಿಡಿದವನೊಬ್ಬನೇ ಅಲ್ಲ. ಸುದ್ದಿ ಒಯ್ಯುವವನು, ದಾರಿ ತೋರುವವನು, ಅಪರಾತ್ರಿಯಲ್ಲಿ ರೊಟ್ಟಿ ಬಡಿದು ಕೊಡುವ ತಾಯಿ ಇಲ್ಲದೆ ಯಾವ ಶಿಬಿರವೂ ನಿಲ್ಲದು. ಸಿಕ್ಕಿಬಿದ್ದರೆ ಆಗುವುದೇನೆಂಬುದನ್ನು ೧೯೪೮ರ ಮೇ ತಿಂಗಳಿನಲ್ಲಿ ಗೋರಟಾ ಗ್ರಾಮದ ಹತ್ಯಾಕಾಂಡವು ಎಲ್ಲರಿಗೂ ತಿಳಿಸಿತ್ತು.

ಮರೆಯಲ್ಲಿ ಮಾಡುವ ಸೇವೆ ಭಾಲ್ಕಿಗೆ ಹೊಸದಲ್ಲ. ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡ ಕಲಿಸಿದ ಪೂಜ್ಯ ಚನ್ನಬಸವ ಪಟ್ಟದ್ದೇವರನ್ನು ನಾಡು ಮರೆತಿಲ್ಲ. ಆದರೆ ಮಠವೂ ಶಿಷ್ಯಕೋಟಿಯೂ ಇಲ್ಲದ ಸಾಮಾನ್ಯನನ್ನು ನೆನೆಯುವವರಾರು? ಹೋರಾಟಗಾರನೆನಿಸಿಕೊಳ್ಳಲು ಸರಕಾರವು ಸೆರೆಮನೆಯ ದಾಖಲೆ, ಶಿಬಿರದ ಪ್ರಮಾಣಪತ್ರಗಳನ್ನು ಕೇಳಿತು. ಗುರುತು ಉಳಿಯದಂತೆ ನಡೆಯುವುದೇ ಗುಪ್ತಕಾರ್ಯದ ಧರ್ಮ. ಅದನ್ನು ನಿಷ್ಠೆಯಿಂದ ಪಾಲಿಸಿದವನಿಂದಲೇ ಗುರುತು ಕೇಳುವುದು ಯಾವ ನ್ಯಾಯ?

ಪ್ರತಿ ಸೆಪ್ಟೆಂಬರ್ ೧೭ರಂದು ಧ್ವಜವೇರುತ್ತದೆ, ಭಾಷಣಗಳಾಗುತ್ತವೆ. ಅಷ್ಟರಿಂದ ಋಣ ತೀರದು. ಅಂದು ಹದಿನೈದರ ಹರೆಯದಲ್ಲಿದ್ದವರು ಇಂದು ತೊಂಬತ್ತನ್ನು ದಾಟಿದ್ದಾರೆ. ಪ್ರತಿಯೊಂದು ಗ್ರಾಮ ಪಂಚಾಯತಿಯೂ ಶಾಲೆಯ ಉಪಾಧ್ಯಾಯರನ್ನು ಮುಂದಿಟ್ಟುಕೊಂಡು, ಅವರ ಬಾಯಿಂದ ಕೇಳಿ ಊರಿನ ಹೆಸರುಗಳನ್ನು ಬರೆದಿಡಲಿ. ಒಬ್ಬರ ಮಾತನ್ನು ಇಬ್ಬರು ಒಪ್ಪಿದರೆ ಸಾಕು; ಇಲ್ಲಿ ಕೇಳುತ್ತಿರುವುದು ಮಾಸಾಶನವಲ್ಲ, ಮನ್ನಣೆ ಮಾತ್ರ.

ಆ ಪುಸ್ತಕವು ಒಂದು ಜಾತಿಯ, ಒಂದು ಮತದ ಪುಸ್ತಕವಾಗಕೂಡದು. ವಿಲೀನವನ್ನು ಎತ್ತಿಹಿಡಿದುದಕ್ಕಾಗಿ ೧೯೪೮ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ಮುಸಲ್ಮಾನರು. ಪೋಲೀಸ್ ಕಾರ್ಯಾಚರಣೆಯ ಬೆನ್ನಿಗೇ ಇದೇ ಬೀದರ ಸೀಮೆಯಲ್ಲಿ ನಿರಪರಾಧಿ ಮುಸಲ್ಮಾನರ ರಕ್ತ ಹರಿಯಿತೆಂಬುದನ್ನು ಪಂಡಿತ ಸುಂದರಲಾಲರ ಸಮಿತಿಯೇ ವರದಿ ಮಾಡಿದೆ. ಆ ದಿನಗಳಲ್ಲಿ ನೆರೆಯವರನ್ನು ಮನೆಯೊಳಗೆ ಅಡಗಿಸಿ ಕಾಪಾಡಿದವರಿದ್ದರೆ, ಅವರ ಹೆಸರುಗಳೂ ಅದೇ ಪುಟದಲ್ಲಿ ಸೇರಲಿ. ಅರ್ಧ ನೆನಪು ಹಗೆಯನ್ನು ಬೆಳೆಸುತ್ತದೆ. ಪೂರ್ಣ ನೆನಪು ಊರನ್ನು ಉಳಿಸುತ್ತದೆ.

ಮಹಾಜನರು ತಡಮಾಡದಿರಲಿ. ಸಾಕ್ಷಿಗಳು ದಿನಕ್ಕೊಬ್ಬರಂತೆ ನಮ್ಮನ್ನಗಲುತ್ತಿದ್ದಾರೆ.